ಶೇ 35 ಎಂದು ಬರೆದ ಸರ್ಟಿಫಿಕೇಟು, ವಾಪಸ್ ಬಂದ ಮಾಸಾಶನದ ಅರ್ಜಿ: ವಕೀಲರು ಎಲ್ಲಿ ಬೇಕು, ಎಲ್ಲಿ ಬೇಡ

ಪ್ರಶ್ನೆ: ನನ್ನ ತಮ್ಮನಿಗೆ 36 ವರ್ಷ. ಏಳು ವರ್ಷ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಎರಡು ವರ್ಷದ ಹಿಂದೆ ಲಕ್ವ ಹೊಡೆಯಿತು. ಈಗ ಬಲಗೈಯಲ್ಲಿ ಹಿಡಿತವಿಲ್ಲ, ಬಲಗಾಲು ಎಳೆದುಕೊಂಡು ನಡೆಯುತ್ತಾನೆ. ನಾವು ಹೇಳಿದ್ದು ಅರ್ಥವಾಗುತ್ತದೆ, ಆದರೆ ಬೇಕಾದ ಮಾತು ಬಾಯಿಗೆ ಬರುವುದಿಲ್ಲ. ತಾಲ್ಲೂಕಿನಲ್ಲಿ ನಡೆದ ಕ್ಯಾಂಪಿನಲ್ಲಿ ನೋಡಿ ಅಂಗವಿಕಲತೆ ಶೇ 35 ಎಂದು ಸರ್ಟಿಫಿಕೇಟು ಕೊಟ್ಟರು, ಮಾತಿನ ವಿಚಾರ ಅದರಲ್ಲಿಲ್ಲ. ಮಾಸಾಶನಕ್ಕೆ ನಾಡಕಚೇರಿಗೆ ಹೋದರೆ, ಅದಕ್ಕೆ ಬೇಕಾದ ಶೇ 40 ಇಲ್ಲ, ಜೊತೆಗೆ ಆದಾಯ ಪ್ರಮಾಣ ಪತ್ರದಲ್ಲಿ 60 ಸಾವಿರ ಇದೆ ಎಂದು ಅರ್ಜಿ ಕೈಗೇ ಕೊಟ್ಟು ಕಳಿಸಿದರು. ಆ 60 ಸಾವಿರದಲ್ಲಿ ನನ್ನ ಸಂಬಳವೂ ಸೇರಿದೆ. ನಾನು ಪಟ್ಟಣದಲ್ಲಿ ಡ್ರೈವರ್, ಬೇರೆ ಮನೆ ಮಾಡಿದ್ದೇನೆ, ರೇಷನ್ ಕಾರ್ಡು ಮಾತ್ರ ಒಂದೇ. ಹತ್ತು ಸಾವಿರ ಕೊಟ್ಟರೆ ಎಲ್ಲ ಮಾಡಿಸುತ್ತೇನೆ ಎಂದು ಒಬ್ಬರು ಹೇಳುತ್ತಿದ್ದಾರೆ. ವಕೀಲರನ್ನು ಹಿಡಿದರೆ ಆಗುತ್ತದೆಯೇ? ಫೀಸು ಎಷ್ಟಾಗಬಹುದು?

ಉತ್ತರ: ಫೀಸಿನ ಪ್ರಶ್ನೆಗೆ ಮೊದಲು ಉತ್ತರ: ಒಂದು ರೂಪಾಯಿಯೂ ಬೇಡ. ನಿಮ್ಮ ತಮ್ಮನಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಅದನ್ನು ಪಡೆಯುವ ಬಗೆಯನ್ನು ಮುಂದೆ ಹೇಳುತ್ತೇನೆ. ಆದರೆ ವಕೀಲರ ಬಳಿ ಹೋಗುವ ಮೊದಲು ಒಂದು ವಿಷಯ ತಿಳಿದಿರಲಿ. ನೀವು ಒಂದೇ ತೊಂದರೆ ಎಂದುಕೊಂಡಿರುವುದರಲ್ಲಿ ಮೂರು ತೊಂದರೆಗಳಿವೆ, ಮೂರಕ್ಕೂ ಬೇರೆ ಬೇರೆ ಮೇಜು. ಶೇಕಡಾವಾರು ಪ್ರಮಾಣ ಆಸ್ಪತ್ರೆಯ ವೈದ್ಯಕೀಯ ಮಂಡಳಿಗೆ ಸೇರಿದ್ದು. ಆದಾಯ ಪ್ರಮಾಣ ಪತ್ರ ಕಂದಾಯ ಇಲಾಖೆಯದು. ಅರ್ಜಿಯನ್ನೇ ತೆಗೆದುಕೊಳ್ಳದೆ ಕಳಿಸಿದ್ದು, ಸರ್ಕಾರಿ ಸೇವೆಗಳನ್ನು ಗೊತ್ತಾದ ದಿನದೊಳಗೆ ಕೊಡಬೇಕೆನ್ನುವ ಸಕಾಲ ಕಾಯ್ದೆಗೆ ಸೇರಿದ ವಿಚಾರ. ಒಂದು ಮೇಜಿನ ದೂರನ್ನು ಇನ್ನೊಂದು ಮೇಜಿಗೆ ಒಯ್ದು ವರ್ಷಗಟ್ಟಲೆ ಅಲೆಯುವವರೇ ಹೆಚ್ಚು. ತಹಶೀಲ್ದಾರರು ಮನಸ್ಸು ಮಾಡಿದರೂ 35ನ್ನು 40 ಮಾಡಲಾರರು, ಡಾಕ್ಟರು ಆದಾಯ ಕಡಿಮೆ ಮಾಡಲಾರರು.

ಇನ್ನೂ ಒಂದು ಮಾತು. ಅರ್ಜಿಯನ್ನು ಕೈಗೇ ಕೊಟ್ಟು ಕಳಿಸಿದರು ಎಂದಿದ್ದೀರಿ. ಸ್ವೀಕೃತಿ ಇಲ್ಲದ ಅರ್ಜಿ ಕಡತದ ಲೆಕ್ಕದಲ್ಲಿ ಸಲ್ಲಿಕೆಯೇ ಆಗಿಲ್ಲ. ಬಾಯಿಮಾತಿನ ನಿರಾಕರಣೆಯ ಮೇಲೆ ಮೇಲ್ಮನವಿ ಹಾಕಲು ಬರುವುದಿಲ್ಲ. ನಿಮಗೆ ಬೇಕಾದದ್ದು ಹಿಂಬರಹ, ಅಂದರೆ ಇಂಥ ಕಾರಣಕ್ಕೆ ಅರ್ಜಿ ತಿರಸ್ಕರಿಸಲಾಗಿದೆ ಎಂದು ಬರೆದು, ಸಹಿ ಮೊಹರು ಹಾಕಿ ಕೊಡುವ ಕಾಗದ. ಆ ಒಂದು ಹಾಳೆ ಕೈಯಲ್ಲಿದ್ದರೆ ವಕೀಲರಿಗೆ ಕೆಲಸ ಮಾಡಲು ನೆಲ ಸಿಗುತ್ತದೆ. ಅದಿಲ್ಲದಿದ್ದರೆ ಎಂಥ ವಕೀಲರೂ ಮೊದಲು ಅದನ್ನೇ ತರಿಸಬೇಕಾಗುತ್ತದೆ.

ಈಗ ಶೇಕಡಾವಾರು ವಿಚಾರ. ಇದೇ ನಿಮ್ಮ ಪ್ರಕರಣದ ತಿರುಳು, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಅನುಸೂಚಿಯಲ್ಲಿ 21 ಬಗೆಯ ಅಂಗವಿಕಲತೆಗಳಿವೆ. ಕೈಕಾಲಿನ ಚಲನೆಗೆ ಸಂಬಂಧಿಸಿದ್ದು ಒಂದು. ವಾಕ್ ಮತ್ತು ಭಾಷಾ ಅಂಗವಿಕಲತೆ ಅದರಿಂದ ಬೇರೆಯಾದ ಇನ್ನೊಂದು. ಎರಡನೆಯದರ ವ್ಯಾಖ್ಯೆಯಲ್ಲಿ ‘ಅಫೇಸಿಯಾ’ ಎಂಬ ಹೆಸರೇ ಇದೆ: ಮೆದುಳಿಗೆ ಪೆಟ್ಟಾಗಿ ಮಾತು, ಭಾಷೆ ಶಾಶ್ವತವಾಗಿ ಕುಂದುವುದು. ಹೇಳಿದ್ದು ಅರ್ಥವಾಗುತ್ತದೆ, ಮಾತು ಬಾಯಿಗೆ ಬರುವುದಿಲ್ಲ ಎಂದು ನೀವು ಬರೆದಿರುವುದು ಅಫೇಸಿಯಾದ ಲಕ್ಷಣಕ್ಕೆ ಹತ್ತಿರವಾಗಿದೆ. ಮಿದುಳಿನ ಎಡಭಾಗಕ್ಕೆ ಲಕ್ವ ಹೊಡೆದಾಗ ಬಲಗೈ, ಬಲಗಾಲಿನ ಜೊತೆಗೇ ಮಾತೂ ಹೋಗುವುದು ಸಾಮಾನ್ಯ, ಏಕೆಂದರೆ ಬಹುತೇಕರಲ್ಲಿ ಭಾಷೆಯ ಕೇಂದ್ರಗಳೂ ಎಡಭಾಗದಲ್ಲೇ ಇರುತ್ತವೆ. ಮಾತು ಬರುತ್ತದೆ ಆದರೆ ನಾಲಿಗೆ, ತುಟಿಯ ಸ್ನಾಯು ಸಡಿಲಾಗಿ ತೊದಲುತ್ತದೆ ಎಂದರೆ ಅದು ಬೇರೆ ತೊಂದರೆ, ಅದಕ್ಕೆ ಪರೀಕ್ಷೆಯೂ ಬೇರೆ. ಯಾವುದು ಎಂದು ವಾಕ್ ತಜ್ಞರೇ ಹೇಳಬೇಕು.

ಕ್ಯಾಂಪಿನಲ್ಲಿ ಮಾತು ಬಿಟ್ಟುಹೋಗಲು ಹೆಚ್ಚಿನ ಕಡೆ ಕಾರಣ ಸರಳ. ಲಕ್ವ ಎಂದೊಡನೆ ರೋಗಿಯನ್ನು ಮೂಳೆ ತಜ್ಞರ ಸಾಲಿಗೆ ಕಳಿಸುತ್ತಾರೆ. ಅವರು ಕೈಕಾಲು ಅಳೆದು ಅಂಕಿ ಬರೆಯುತ್ತಾರೆ. ಮಾತು ಅಳೆಯಲು ಅಲ್ಲಿ ವಾಕ್ ತಜ್ಞರೂ ಇರುವುದಿಲ್ಲ, ಪರೀಕ್ಷೆಯ ಸಾಮಗ್ರಿಯೂ ಇರುವುದಿಲ್ಲ. ನಿಮ್ಮ ಕೈಯಲ್ಲಿರುವ ಸರ್ಟಿಫಿಕೇಟನ್ನು ಒಮ್ಮೆ ತೆಗೆದು ನೋಡಿ. ಅದರಲ್ಲಿ ಒಂದೇ ಅಂಗವಿಕಲತೆಯ ಹೆಸರಿದ್ದರೆ ಅದು ಏಕ ಅಂಗವಿಕಲತೆಯ ನಮೂನೆ. ನಿಮ್ಮ ತಮ್ಮನಿಗೆ ಬೇಕಾಗಿರುವುದು ಬಹುವಿಧ ಅಂಗವಿಕಲತೆಯ ನಮೂನೆ.

ಎರಡು ಅಂಗವಿಕಲತೆ ಇದ್ದರೆ ಅಂಕಿಗಳನ್ನು ನೇರವಾಗಿ ಕೂಡುವುದಿಲ್ಲ. ಕೇಂದ್ರದ ಮಾರ್ಗಸೂಚಿಯಲ್ಲಿ ಒಂದು ಸೂತ್ರವಿದೆ. ಹೆಚ್ಚಿನ ಅಂಕಿ ‘ಎ’, ಕಡಿಮೆ ಅಂಕಿ ‘ಬಿ’ ಎಂದಿಟ್ಟುಕೊಳ್ಳಿ. 90ರಿಂದ ಎ ಕಳೆಯಿರಿ, ಬಂದದ್ದನ್ನು ಬಿಯಿಂದ ಗುಣಿಸಿ, 90ರಿಂದ ಭಾಗಿಸಿ, ಅದನ್ನು ಎಗೆ ಕೂಡಿ. ವಾಕ್ ತಜ್ಞರು ಮಾತಿಗೆ ಶೇ 40 ಎಂದು ಬರೆದರು ಎಂದುಕೊಳ್ಳೋಣ, ಕೈಕಾಲಿಗೆ 35 ಇದ್ದೇ ಇದೆ. 90ರಿಂದ 40 ಕಳೆದರೆ 50. 50ನ್ನು 35ರಿಂದ ಗುಣಿಸಿದರೆ 1750. ಅದನ್ನು 90ರಿಂದ ಭಾಗಿಸಿದರೆ ಸುಮಾರು 19. ನಲವತ್ತಕ್ಕೆ ಕೂಡಿದರೆ 59. ಮಾತಿಗೆ ಬರೀ ಶೇ 20 ಬಂದರೂ 35 ಇದ್ದದ್ದು ಸುಮಾರು 47 ಆಗುತ್ತದೆ. ಅಂದರೆ ಹಳೆಯ ಅಂಕಿಯನ್ನು ಪ್ರಶ್ನಿಸುವ ಗೋಜಿಲ್ಲದೆಯೇ, ಬಿಟ್ಟುಹೋದದ್ದನ್ನು ಸೇರಿಸಿದರೆ ಸಾಕು, 40ರ ಗೆರೆ ದಾಟುವ ಸಾಧ್ಯತೆ ಚೆನ್ನಾಗಿದೆ.

ಆದ್ದರಿಂದ ಮೇಲ್ಮನವಿಗಿಂತ ಮೊದಲು ಮರುಮೌಲ್ಯಮಾಪನ ಕೇಳಿ. ಡಿಸ್ಚಾರ್ಜ್ ಸಮ್ಮರಿ, ಮಿದುಳಿನ ಸಿ.ಟಿ. ಅಥವಾ ಎಂ.ಆರ್.ಐ. ವರದಿ, ಫಿಸಿಯೋಥೆರಪಿ ಚೀಟಿಗಳು, ಇವನ್ನು ದಿನಾಂಕದ ಪ್ರಕಾರ ಜೋಡಿಸಿಕೊಳ್ಳಿ. ಆಮೇಲೆ ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ತೋರಿಸಿ, ವಾಕ್ ಮತ್ತು ಭಾಷಾ ಪರೀಕ್ಷೆಗೆ ಬರೆಸಿಕೊಳ್ಳಿ. ಅಲ್ಲಿ ಸೌಲಭ್ಯ ಇಲ್ಲ ಎಂದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ರೆಫರ್ ಮಾಡಿ ಎಂದು ಲಿಖಿತವಾಗಿ ಕೇಳಿ. ಅದು ಈ ವಿಷಯಕ್ಕೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ, ಪರೀಕ್ಷೆ ಕನ್ನಡದಲ್ಲೇ ಆಗುತ್ತದೆ. ಕನ್ನಡ ಮಾತ್ರ ಬಲ್ಲವರಿಗೆ ಇಂಗ್ಲಿಷಿನ ಚಿತ್ರ, ಪದಗಳನ್ನಿಟ್ಟು ಪರೀಕ್ಷೆ ಮಾಡಿದರೆ ಬರುವ ಅಂಕಿಯನ್ನು ನಂಬಲಾಗದು.

ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ಜಾಲತಾಣದಲ್ಲಿ ಹೊಸದಾಗಿ ಇನ್ನೊಂದು ನೋಂದಣಿ ಮಾಡಬೇಡಿ. ಒಂದು ಆಧಾರ್‌ಗೆ ಒಂದೇ ಯುಡಿಐಡಿ. ಎರಡನೆಯದು ನಕಲು ಎಂದು ನಿಂತುಹೋಗುತ್ತದೆ, ಮೊದಲನೆಯದಕ್ಕೂ ತೊಡಕಾಗುತ್ತದೆ. ಹಳೆಯ ಸಂಖ್ಯೆಯನ್ನೇ ಕಾಣಿಸಿ, ಆಸ್ಪತ್ರೆಗೆ ಕೈಯಾರೆ ಅರ್ಜಿ ಕೊಡಿ. ಅರ್ಜಿ ಉದ್ದ ಬೇಡ, ಇಷ್ಟು ಸಾಕು:

“ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ. ನನಗೆ ಇಂಥ ದಿನಾಂಕದಂದು ಚಲನ ಅಂಗವಿಕಲತೆ ಶೇ 35 ಎಂದು ಪ್ರಮಾಣ ಪತ್ರ ನೀಡಲಾಗಿದೆ (ಪ್ರತಿ ಲಗತ್ತಿಸಿದೆ). ಪಾರ್ಶ್ವವಾಯುವಿನಿಂದ ನನ್ನ ಮಾತಿಗೂ ತೊಂದರೆಯಾಗಿದೆ. ಅಂದಿನ ತಪಾಸಣೆಯಲ್ಲಿ ಮಾತಿನ ಪರೀಕ್ಷೆ ಆಗಿರುವುದಿಲ್ಲ. 2016ರ ಕಾಯ್ದೆಯ ಅನುಸೂಚಿಯಲ್ಲಿರುವ ವಾಕ್ ಮತ್ತು ಭಾಷಾ ಅಂಗವಿಕಲತೆಯನ್ನು ಪರೀಕ್ಷಿಸಿ, ಎರಡನ್ನೂ ಸೇರಿಸಿ ಬಹುವಿಧ ಅಂಗವಿಕಲತೆಯ ಪ್ರಮಾಣ ಪತ್ರ ನೀಡಬೇಕೆಂದು ಕೋರುತ್ತೇನೆ. ನಿರಾಕರಿಸುವುದಾದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.”

ಕೊನೆಯ ವಾಕ್ಯವನ್ನು ಬಿಡಬೇಡಿ. ಪ್ರಮಾಣ ಪತ್ರ ನಿರಾಕರಿಸಿದರೆ ಕಾರಣ ಬರೆದು ಕೊಡುವುದು ನಿಯಮದ ಪ್ರಕಾರ ಪ್ರಾಧಿಕಾರದ ಕರ್ತವ್ಯ. ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಿ. 2024ರ ತಿದ್ದುಪಡಿ ನಿಯಮದಂತೆ ಈಗ ಪ್ರಮಾಣ ಪತ್ರಕ್ಕೆ ಮೂರು ತಿಂಗಳ ಗಡುವಿದೆ, ಆ ಲೆಕ್ಕ ಶುರುವಾಗುವುದು ಅರ್ಜಿ ತಲುಪಿದ ದಿನದಿಂದ.

ತಪಾಸಣೆಯ ದಿನದ ಬಗ್ಗೆ ಒಂದು ಮಾತು. ನಮ್ಮ ಕಡೆ ಎಷ್ಟೋ ಜನ ಡಾಕ್ಟರ ಮುಂದೆ ಮರ್ಯಾದೆಗಾಗಿ ನೆಟ್ಟಗೆ ನಡೆದು ತೋರಿಸುತ್ತಾರೆ, ಕೋಲನ್ನು ಹೊರಗೇ ಇಟ್ಟು ಒಳಗೆ ಹೋಗುತ್ತಾರೆ, “ಹೇಗಿದೀಯಪ್ಪ” ಎಂದರೆ ಚೆನ್ನಾಗಿದೀನಿ ಎಂದು ತಲೆಯಾಡಿಸುತ್ತಾರೆ. ಮಂಡಳಿ ನೋಡುವುದು ಕೀಲು ಎಷ್ಟು ಮಡಚುತ್ತದೆ, ಸ್ನಾಯುವಿನಲ್ಲಿ ಎಷ್ಟು ಬಲವಿದೆ, ಬೆರಳು ಹಿಡಿಯಬಲ್ಲದೇ, ನಿಂತಾಗ ತೂಕ ತಡೆಯುತ್ತಾರೆಯೇ ಎಂಬುದನ್ನು. ಹಾಗಾಗಿ ನಿತ್ಯ ಬಳಸುವ ಕೋಲು, ಪಟ್ಟಿ ಏನಿದೆಯೋ ಅದರೊಂದಿಗೇ ಹೋಗಿ. ಅಂಗಿಯ ಗುಂಡಿ ಹಾಕಿಕೊಳ್ಳಲು, ಅನ್ನ ಕಲಸಲು, ಪೆನ್ನು ಹಿಡಿಯಲು ಆಗುವುದಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಏಕೆಂದರೆ ಅವರು ಬಾಯಿಬಿಟ್ಟು ಹೇಳಲಾರರು. ಮೊದಲು ಬಲಗೈಯಲ್ಲೇ ಎಲ್ಲ ಕೆಲಸ ಮಾಡುತ್ತಿದ್ದರು ಎಂಬುದನ್ನೂ ಬರೆಯಿರಿ. ಇದ್ದದ್ದಕ್ಕಿಂತ ಹೆಚ್ಚು ತೋರಿಸುವುದು ಮಾತ್ರ ಬೇಡವೇ ಬೇಡ. ಸ್ನಾಯು ಪರೀಕ್ಷೆಯಲ್ಲಿ ನಟನೆ ಕೂಡಲೇ ಗೊತ್ತಾಗುತ್ತದೆ. ವಂಚಿಸಿ ಸೌಲಭ್ಯ ಪಡೆದರೆ ಕಾಯ್ದೆಯ 91ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಮರುಪರೀಕ್ಷೆ ಆದ ಮೇಲೂ ಅಂಕಿ ಸರಿಯಿಲ್ಲ ಎನಿಸಿದರೆ 59ನೇ ಕಲಮಿದೆ. ಪ್ರಮಾಣ ಪತ್ರ ಕೊಟ್ಟ ಪ್ರಾಧಿಕಾರದ ತೀರ್ಮಾನದ ವಿರುದ್ಧ ರಾಜ್ಯ ಸರ್ಕಾರ ನೇಮಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ನೀವು ಹೇಳಿದಂತೆ ಬಲಗೈಯಲ್ಲಿ ಹಿಡಿತವೇ ಇಲ್ಲದಿದ್ದರೆ, ಕೈಕಾಲಿಗೆ 35 ಎಂಬುದೂ ಕಡಿಮೆಯೇ ಇರಬಹುದು. ಆದರೆ ‘ಕಡಿಮೆ ಕೊಟ್ಟಿದ್ದಾರೆ’ ಎಂದಷ್ಟೇ ಬರೆದ ಮೇಲ್ಮನವಿ ನಿಲ್ಲುವುದಿಲ್ಲ. ಬೇರೊಬ್ಬ ಸರ್ಕಾರಿ ತಜ್ಞರು ಸ್ನಾಯುಬಲ, ಕೀಲಿನ ಚಲನೆ ಅಳೆದು ಬರೆದ ವರದಿ ಜೊತೆಗಿರಬೇಕು. ಇಲ್ಲಿ ವಕೀಲರು ನಿಜವಾಗಿ ಉಪಯೋಗಕ್ಕೆ ಬರುತ್ತಾರೆ: ಮಂಡಳಿಯ ತಪಾಸಣಾ ಹಾಳೆಯ ನಕಲು ತರಿಸಿ, ಯಾವ ಅಂಗ ಅಳೆದಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಎಂದು ಮಾರ್ಗಸೂಚಿಯ ಪಕ್ಕದಲ್ಲಿಟ್ಟು ತೋರಿಸುವ ಕೆಲಸ ಅವರದು.

ಸರ್ಟಿಫಿಕೇಟು ಕೈಗೆ ಬಂದಾಗ ‘ಶಾಶ್ವತ’ ಎಂದಿದೆಯೋ ‘ತಾತ್ಕಾಲಿಕ’ ಎಂದಿದೆಯೋ ನೋಡಿ. ತಾತ್ಕಾಲಿಕವಾದರೆ ಅವಧಿ ಮುಗಿಯುವ ದಿನಾಂಕ ಇರುತ್ತದೆ. ಅದು ದಾಟಿದರೆ ಮಾಸಾಶನ ನಿಲ್ಲುವ ಅಪಾಯವಿದೆ, ಎರಡು ಮೂರು ತಿಂಗಳು ಮುಂಚೆಯೇ ನವೀಕರಣಕ್ಕೆ ಓಡಾಡಿ. ಹೊಸ ನಿಯಮದ ಯುಡಿಐಡಿ ಕಾರ್ಡಿನಲ್ಲಿ ಬಣ್ಣದಲ್ಲೇ ಪ್ರಮಾಣ ತಿಳಿಯುತ್ತದೆ: 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ.

ಎರಡನೆಯ ಮೇಜು ಆದಾಯದ್ದು. ಮಾಸಾಶನಕ್ಕೆ ಕುಟುಂಬದ ವಾರ್ಷಿಕ ಆದಾಯ 32 ಸಾವಿರ ರೂಪಾಯಿ ಮೀರಬಾರದು. ಮಿತಿ ಅಷ್ಟು ಕೆಳಗಿರುವುದು ನ್ಯಾಯವಲ್ಲ, ದಿನಗೂಲಿಯ ಲೆಕ್ಕ ಹಿಡಿದರೂ ಹೆಚ್ಚಿನ ಮನೆಗಳು ಅದನ್ನು ದಾಟುತ್ತವೆ. ಆದರೆ ಇವತ್ತು ಅರ್ಜಿ ನಡೆಯುವುದು ಆ ಮಿತಿಯ ಮೇಲೆಯೇ. ನಿಮ್ಮ ವಿಷಯದಲ್ಲಿ ತೊಡಕು ರೇಷನ್ ಕಾರ್ಡಿನಿಂದ ಬಂದಿದೆ. ನೀವು ಬೇರೆ ಮನೆ ಮಾಡಿ, ಬೇರೆ ಒಲೆ ಹೂಡಿ ಇರುವುದು ನಿಜವಾದರೆ, ಮೊದಲು ಪಡಿತರ ಚೀಟಿಯಿಂದ ನಿಮ್ಮ ಹೆಸರು ಬೇರ್ಪಡಿಸಿಕೊಳ್ಳಿ. ನಿಮ್ಮ ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಮಕ್ಕಳ ಶಾಲೆಯ ದಾಖಲೆ ಇವೆಲ್ಲ ಬೇರೆ ವಾಸಕ್ಕೆ ಪುರಾವೆ. ಅದಾದ ಮೇಲೆ ತಮ್ಮನ ಹೆಸರಿನಲ್ಲಿ, ಅವರ ಹೆಂಡತಿ ಮಕ್ಕಳನ್ನಷ್ಟೇ ಸೇರಿಸಿ ಹೊಸ ಆದಾಯ ಪ್ರಮಾಣ ಪತ್ರಕ್ಕೆ ಅರ್ಜಿ ಹಾಕಿ, ಸ್ಥಳ ತನಿಖೆ ಮಾಡಿ ಎಂದು ಬರೆದು ಕೇಳಿ. ಗ್ರಾಮ ಆಡಳಿತ ಅಧಿಕಾರಿ, ಮೊದಲು ಗ್ರಾಮ ಲೆಕ್ಕಿಗರು ಎನ್ನುತ್ತಿದ್ದವರು, ಮನೆಗೆ ಬಂದಾಗ ಅಕ್ಕಪಕ್ಕದವರ ಹೇಳಿಕೆ ತೆಗೆದುಕೊಳ್ಳುವಂತೆ ಕೇಳಿಕೊಳ್ಳಿ. ತಮ್ಮನ ಹೆಂಡತಿ ದುಡಿಯುತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ಆಮೇಲೆ ಗೊತ್ತಾದರೆ ಮಾಸಾಶನ ರದ್ದಾಗಿ, ಕೊಟ್ಟ ಹಣ ವಾಪಸ್ ಕೇಳುತ್ತಾರೆ.

ಎರಡೂ ಕಾಗದ ಸರಿಯಾದ ಮೇಲೆ ನಾಡಕಚೇರಿಗೆ ಹೋಗಿ. ಯುಡಿಐಡಿ, ಆಧಾರ್, ರೇಷನ್ ಕಾರ್ಡು, ಆದಾಯ ಪ್ರಮಾಣ ಪತ್ರ, ಬ್ಯಾಂಕ್ ಪಾಸ್‌ಬುಕ್ಕು, ಫೋಟೋ ಬೇಕು. ಕಂಪ್ಯೂಟರಿಗೆ ಹತ್ತಿಸಿದ ಕೂಡಲೇ ಸಕಾಲದ ಸ್ವೀಕೃತಿ ಚೀಟಿ ಬರುತ್ತದೆ, ಅದರಲ್ಲಿ ಅರ್ಜಿಯ ಗುರುತಾದ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಮತ್ತು ಯಾವ ದಿನದೊಳಗೆ ತೀರ್ಮಾನವಾಗಬೇಕು ಎಂಬುದು ಅಚ್ಚಾಗಿರುತ್ತದೆ. ಚೀಟಿ ಇಲ್ಲದೆ ಕೌಂಟರಿನಿಂದ ಕದಲಬೇಡಿ. ‘ನಿಮ್ಮದು ಆಗುವುದಿಲ್ಲ’ ಎಂದರೆ, ಅರ್ಜಿ ತೆಗೆದುಕೊಂಡು ಹಿಂಬರಹ ಕೊಡಿ ಎಂದು ಸಮಾಧಾನದಿಂದಲೇ ಕೇಳಿ. ಗಡುವು ಮೀರಿದರೆ ಅಥವಾ ತಿರಸ್ಕಾರವಾದರೆ 30 ದಿನದೊಳಗೆ ಸಕ್ಷಮ ಅಧಿಕಾರಿಗೆ ಸಕಾಲ ಮೇಲ್ಮನವಿ ಹಾಕಬಹುದು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಉಂಟು. ಮೊತ್ತ ಸಣ್ಣದು, ಆದರೆ ತಡ ಮಾಡಿದವರ ಹೆಸರಿನಲ್ಲಿ ಅದು ದಾಖಲಾಗುತ್ತದೆ ಎಂಬುದೇ ಕೆಲಸ ಮಾಡಿಸುತ್ತದೆ.

ಮಾಸಾಶನದ ದರ ಶೇ 40ರಿಂದ 74ರವರೆಗೆ ತಿಂಗಳಿಗೆ 800 ರೂಪಾಯಿ, 75 ಮತ್ತು ಮೇಲ್ಪಟ್ಟವರಿಗೆ 1,400, ಬುದ್ಧಿಮಾಂದ್ಯತೆ 75ಕ್ಕಿಂತ ಹೆಚ್ಚಿರುವವರಿಗೆ 2,000. ಬಜೆಟ್ಟಿನಲ್ಲಿ ಇದು ಬದಲಾಗಬಹುದು, ಅರ್ಜಿ ಹಾಕುವ ದಿನ ಕೇಳಿಕೊಳ್ಳಿ. ಹಣ ಸಾಮಾನ್ಯವಾಗಿ ಮಂಜೂರಾತಿಯಿಂದ ಮುಂದಕ್ಕೆ ಬರುತ್ತದೆ, ಲಕ್ವ ಹೊಡೆದ ದಿನದಿಂದ ಹಿಂಬಾಕಿ ಸಿಗುವುದಿಲ್ಲ. ಕಾಗದ ತಡವಾದ ಒಂದೊಂದು ತಿಂಗಳೂ ಕೈತಪ್ಪಿದ ಹಣ. 40 ದಾಟಿದ ಕಾರ್ಡು ಬಂದರೆ ಕೆ.ಎಸ್.ಆರ್.ಟಿ.ಸಿ. ರಿಯಾಯಿತಿ ಪಾಸಿಗೂ ಅರ್ಜಿ ಹಾಕಿ. ಅದು ವಾಸಸ್ಥಳದಿಂದ 100 ಕಿಲೋಮೀಟರ್‌ವರೆಗೆ, ವರ್ಷಕ್ಕೆ 660 ರೂಪಾಯಿ. ಆಸ್ಪತ್ರೆಗೆ ಓಡಾಡುವವರಿಗೆ ಇದು ದೊಡ್ಡ ಉಳಿತಾಯ.

ಮಂಜೂರಾದ ಮೇಲೂ ಹಣ ಬರದಿರುವ ಪ್ರಕರಣಗಳು ಬಹಳ, ಕಾರಣ ಬ್ಯಾಂಕಿನದು. ಆಧಾರ್ ಎಲ್ಲಿ ಕೊನೆಗೆ ಜೋಡಣೆಯಾಗಿದೆಯೋ ಆ ಖಾತೆಗೆ ಹಣ ಹೋಗುತ್ತದೆ, ಅದು ಗಾರ್ಮೆಂಟ್ಸಿನವರು ಸಂಬಳಕ್ಕಾಗಿ ಮಾಡಿಸಿಕೊಟ್ಟ ಹಳೆಯ ಖಾತೆಯಾಗಿರಬಹುದು. ಅದು ಬಳಕೆಯಿಲ್ಲದೆ ನಿಷ್ಕ್ರಿಯವಾಗಿದ್ದರೆ ಹಣ ವಾಪಸ್ ಹೋಗುತ್ತದೆ. ಇನ್ನು ಸಹಿ. ಬಲಗೈ ಹೋದವರ ಸಹಿ ಹಳೆಯದಕ್ಕೆ ಹೊಂದುವುದಿಲ್ಲ ಎಂದು ಬ್ಯಾಂಕಿನಲ್ಲಿ ತಿರುಗಿಸಿ ಕಳಿಸುತ್ತಾರೆ. ರಿಸರ್ವ್ ಬ್ಯಾಂಕಿನ ನಿರ್ದೇಶನ ಸ್ಪಷ್ಟವಾಗಿದೆ: ಸಹಿ ಮಾಡಲಾಗದ ಖಾತೆದಾರರ ಹೆಬ್ಬೆಟ್ಟು ಗುರುತನ್ನು, ಅದೂ ಆಗದಿದ್ದರೆ ಕಾಲಿನ ಬೆರಳ ಗುರುತನ್ನು ಒಪ್ಪಬೇಕು. ಇಬ್ಬರು ಸಾಕ್ಷಿಗಳಿರಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ. ಎಡಗೈ ಹೆಬ್ಬೆಟ್ಟಿನಿಂದ ಹೊಸ ಮಾದರಿ ದಾಖಲಿಸಿಕೊಳ್ಳಿ ಎಂದು ಈಗಲೇ ಕೇಳಿ.

ಮಾತು ಬಾರದವರು ಎಂಬ ಕಾರಣಕ್ಕೆ ‘ಕೋರ್ಟಿನಿಂದ ಗಾರ್ಡಿಯನ್ ಆದೇಶ ತನ್ನಿ’ ಎಂದು ಯಾರಾದರೂ ಕೇಳಿದರೆ ಒಪ್ಪಬೇಡಿ. ಕಾಯ್ದೆಯ 13ನೇ ಕಲಮು ಅಂಗವಿಕಲರಿಗೆ ಎಲ್ಲರಂತೆ ಕಾನೂನಾತ್ಮಕ ಸಾಮರ್ಥ್ಯವಿದೆ ಎನ್ನುತ್ತದೆ. ಅರ್ಥಮಾಡಿಕೊಂಡು ತಲೆಯಾಡಿಸಿ, ಹೆಬ್ಬೆಟ್ಟು ಒತ್ತಬಲ್ಲವರ ಅರ್ಜಿ ಅವರದೇ ಅರ್ಜಿ. ನೀವು ಜೊತೆಗಿರುವ ಸಹಾಯಕರು, ಅಷ್ಟೇ.

ಈಗ ವಕೀಲರು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಯಾರಿಗೆ ಉಚಿತ ನೆರವು ಎಂಬ ಪಟ್ಟಿಯಿದೆ. ಅಂಗವಿಕಲರು ಅದರಲ್ಲಿದ್ದಾರೆ, ಅವರಿಗೆ ಆದಾಯ ಮಿತಿ ಇಲ್ಲ. ಆದಾಯ ಕಡಿಮೆ ಇರುವವರದು ಅದೇ ಪಟ್ಟಿಯಲ್ಲಿ ಬೇರೆ ಸಾಲು. ನಿಮ್ಮ ತಮ್ಮನ ಸರ್ಟಿಫಿಕೇಟಿನಲ್ಲಿ ಈಗ 35 ಇರುವುದರಿಂದ ಯಾರಾದರೂ ತಕರಾರು ತೆಗೆಯಬಹುದು, ಆದ್ದರಿಂದ ಅರ್ಜಿಯಲ್ಲಿ ಎರಡೂ ಕಾರಣ ಬರೆಯಿರಿ: ಅಂಗವಿಕಲರು, ಜೊತೆಗೆ ಕಡಿಮೆ ಆದಾಯದವರು. ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ಅದೂ ಸ್ವತಂತ್ರ ಕಾರಣ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ, ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ಬಿಳಿ ಹಾಳೆಯಲ್ಲಿ ಬರೆದು ಕೊಟ್ಟರೂ ಸಾಕು. ಹೋಗಲಾಗದಿದ್ದರೆ 15100ಕ್ಕೆ ಫೋನ್ ಮಾಡಿ. ವಕೀಲರ ಶುಲ್ಕ, ಕೋರ್ಟ್ ಶುಲ್ಕ, ಟೈಪಿಂಗ್, ನಕಲುಗಳ ಖರ್ಚು ಎಲ್ಲವೂ ಪ್ರಾಧಿಕಾರದ್ದು. ನೇಮಿಸಿದ ವಕೀಲರು ನಿಮ್ಮಿಂದ ಪ್ರತ್ಯೇಕವಾಗಿ ಹಣ ಕೇಳಿದರೆ ಅದೇ ಕಚೇರಿಗೆ ತಿಳಿಸಿ, ವಕೀಲರನ್ನು ಬದಲಿಸಿಕೊಡುತ್ತಾರೆ.

ಹೋದಾಗ ‘ನಮಗೆ ನ್ಯಾಯ ಕೊಡಿಸಿ’ ಎಂದಷ್ಟೇ ಹೇಳಿದರೆ ಕಡತ ನಿಂತಲ್ಲೇ ನಿಲ್ಲುತ್ತದೆ. ಬೇಕಾದದ್ದನ್ನು ಒಂದೊಂದಾಗಿ ಕೇಳಿ. ಮಾತಿನ ಪರೀಕ್ಷೆ ಮಾಡಿಸುವಂತೆ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಪ್ರಾಧಿಕಾರದಿಂದ ಪತ್ರ. ಸ್ಥಳ ತನಿಖೆ ಮಾಡಿ ಆದಾಯ ಪತ್ರ ಸರಿಪಡಿಸುವಂತೆ ತಹಶೀಲ್ದಾರರಿಗೆ ಪತ್ರ. ತಿರಸ್ಕಾರವಾದರೆ ಮೇಲ್ಮನವಿ ಬರೆದುಕೊಡಲು ಒಬ್ಬ ವಕೀಲರು. ನ್ಯಾಯಾಧೀಶರೇ ಸದಸ್ಯ ಕಾರ್ಯದರ್ಶಿಯಾಗಿರುವ ಕಚೇರಿಯಿಂದ ಹೋದ ಪತ್ರಕ್ಕೆ ಉತ್ತರ ಬರುವ ವೇಗವೇ ಬೇರೆ. ಎಷ್ಟೋ ಪ್ರಕರಣಗಳು ಈ ಪತ್ರದಲ್ಲೇ ಮುಗಿಯುತ್ತವೆ, ಕೋರ್ಟಿನ ಮೆಟ್ಟಿಲು ಹತ್ತಬೇಕಾಗುವುದಿಲ್ಲ. ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿರುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಕಾಗದ ಜೋಡಿಸಲು, ಆಸ್ಪತ್ರೆಯ ದಿನ ಗೊತ್ತುಮಾಡಲು ಸಹಾಯ ಮಾಡಬೇಕಾದವರು. ಅವರನ್ನು ಮೊದಲೇ ಹಿಡಿಯಿರಿ, ಆ ಕೆಲಸಕ್ಕೆ ವಕೀಲರು ಬೇಡ.

ಕಡತ ಯಾರ ಬಳಿ ಕೂತಿದೆ ಎಂದು ತಿಳಿಯದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಾಗಿ, 150 ಪದದೊಳಗಿರಬೇಕು. ಇದನ್ನು ತಿಳಿಯದೆ ಮೂರು ಪುಟ ಬರೆದವರ ಅರ್ಜಿ ಹಾಗೇ ತಿರುಗಿ ಬರುತ್ತದೆ.

ಎಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ದಾಖಲೆ ತರಿಸುವ, ಅಧಿಕಾರಿಯನ್ನು ಕರೆಸುವ ವಿಷಯದಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರು ಮಾಡಿದ ಶಿಫಾರಸಿನ ಮೇಲೆ ಏನು ಕ್ರಮವಾಯಿತೆಂದು ಇಲಾಖೆ ಮೂರು ತಿಂಗಳೊಳಗೆ ತಿಳಿಸಬೇಕು. ಹೈಕೋರ್ಟಿನ ರಿಟ್ ಕೊನೆಯ ಹಾದಿ. ಧಾರವಾಡ, ಕಲಬುರಗಿ ಪೀಠಗಳಲ್ಲೂ ಕಾನೂನು ಸೇವಾ ಸಮಿತಿಗಳಿವೆ. ಆದರೆ ಕೆಳಗಿನ ಮೇಲ್ಮನವಿ ಬಳಸದೆ ನೇರ ಹೋದರೆ, ಮೊದಲು ಅಲ್ಲಿಗೆ ಹೋಗಿ ಬನ್ನಿ ಎಂದು ಕಳಿಸುವುದೇ ಹೆಚ್ಚು.

ಹತ್ತು ಸಾವಿರ ಕೇಳಿದವರನ್ನು ದೂರವಿಡಿ. ಅವರು ಮಾಡಿಸಿಕೊಡುವುದು ಬಹಳ ಸಲ ಸುಳ್ಳು ಆದಾಯ ಪತ್ರ ಅಥವಾ ಸುಳ್ಳು ಶೇಕಡಾವಾರು. ಸಿಕ್ಕಿಬೀಳುವಾಗ ಕಾಗದದ ಮೇಲಿರುವ ಹೆಬ್ಬೆಟ್ಟು ನಿಮ್ಮ ತಮ್ಮನದು. ಕಚೇರಿಯವರೇ ಲಂಚ ಕೇಳಿದರೆ ಲೋಕಾಯುಕ್ತ ಪೊಲೀಸರಿಗೆ ಹೇಳಿ. ಖಾಸಗಿ ವಕೀಲರು ‘ಬಂದ ಹಣದಲ್ಲಿ ಇಷ್ಟು ಪಾಲು’ ಎಂದರೂ ಒಪ್ಪಬೇಡಿ. ಫಲಿತಾಂಶದ ಮೇಲೆ ಫೀಸು ಗೊತ್ತುಮಾಡುವುದನ್ನು, ಬಂದದ್ದರಲ್ಲಿ ಪಾಲು ಕೇಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ.

ನೀವು ಕೇಳದಿದ್ದರೂ ಹೇಳಲೇಬೇಕಾದ ವಿಷಯ ಇನ್ನೊಂದಿದೆ. ಗಾರ್ಮೆಂಟ್ಸಿನಲ್ಲಿ ಏಳು ವರ್ಷ ಎಂದಿರಿ, ಅಂದರೆ ಪಿ.ಎಫ್. ಕಟ್ಟಿರುವ ಸಂಭವ ಹೆಚ್ಚು. ನೌಕರರ ಪಿಂಚಣಿ ಯೋಜನೆ 1995ರಲ್ಲಿ, ಕೆಲಸದಲ್ಲಿರುವಾಗಲೇ ಶಾಶ್ವತವಾಗಿ ಪೂರ್ಣ ಅಸಮರ್ಥರಾದವರಿಗೆ ಪಿಂಚಣಿ ಉಂಟು. ಅದಕ್ಕೆ ಹತ್ತು ವರ್ಷದ ಸೇವೆ ಬೇಡ, ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಸಾಕು. ಅಸಮರ್ಥತೆ ಕಾರ್ಖಾನೆಯ ಕೆಲಸದಿಂದಲೇ ಬಂದಿರಬೇಕೆಂದೂ ಇಲ್ಲ. ಮನೆಯಲ್ಲಿ ಮಲಗಿದ್ದಾಗ ಲಕ್ವ ಹೊಡೆದಿದ್ದರೂ, ಆಗ ನೌಕರಿಯಲ್ಲಿದ್ದರೆ ಸಾಕು. ನೋಡುವುದು ಶೇಕಡಾವಾರು ಅಂಕಿಯನ್ನಲ್ಲ, ಅಸಮರ್ಥರಾಗುವ ಹೊತ್ತಿಗೆ ಮಾಡಬಲ್ಲವರಾಗಿದ್ದ ಕೆಲಸಗಳಿಗೆ ಈಗ ಶಕ್ತರೇ ಎಂಬುದನ್ನು. ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ, ರಾಜ್ಯದ 800ಕ್ಕಿಂತ ಹೆಚ್ಚು. ಅರ್ಜಿಯ ಹೆಸರು ನಮೂನೆ 10-ಡಿ, ಪಿ.ಎಫ್. ಕಚೇರಿ ಸೂಚಿಸಿದ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಬೇಕಾಗುತ್ತದೆ. ಇದು ಬಂದರೆ ರಾಜ್ಯದ ಮಾಸಾಶನದ ಅರ್ಜಿಯಲ್ಲಿ ಅದನ್ನು ತಪ್ಪದೆ ತಿಳಿಸಿ. ಇ.ಎಸ್.ಐ. (ಕಾರ್ಮಿಕರ ವಿಮೆ) ಇದ್ದರೆ ಆ ಔಷಧಾಲಯದಲ್ಲೂ ವಿಚಾರಿಸಿ, ಲಕ್ವ ಅವರ ದೀರ್ಘಕಾಲೀನ ಕಾಯಿಲೆಗಳ ಪಟ್ಟಿಯಲ್ಲಿದೆ.

ಇಲ್ಲಿ ಎಡವುವ ಜಾಗ ಒಂದೇ. ಕೆಲಸ ಬಿಟ್ಟವರು ಕೈಖರ್ಚಿಗೆಂದು ಪಿ.ಎಫ್. ಹಣ ತೆಗೆಯುವಾಗ ನಮೂನೆ 10-ಸಿ ಹಾಕಿ ಪಿಂಚಣಿ ಪಾಲನ್ನೂ ತೆಗೆದುಬಿಡುತ್ತಾರೆ. ಹತ್ತು ವರ್ಷ ತುಂಬದವರಿಗೆ ಅದು ಸುಲಭವಾಗಿ ಸಿಗುತ್ತದೆ, ಆಮೇಲೆ ಈ ಪಿಂಚಣಿ ಕೇಳುವುದು ತುಂಬಾ ಕಷ್ಟ. ನಿಮ್ಮ ತಮ್ಮನ ಪಿ.ಎಫ್. ಪಾಸ್‌ಬುಕ್ಕಿನಲ್ಲಿ ಪಿಂಚಣಿ ವಂತಿಗೆಯ ಸಾಲು ಇನ್ನೂ ಹಾಗೇ ಇದೆಯೇ ಎಂದು ಮೊದಲು ನೋಡಿ. ಇದ್ದರೆ, ಯಾರು ಹೇಳಿದರೂ 10-ಸಿಗೆ ಹೆಬ್ಬೆಟ್ಟು ಒತ್ತಿಸಬೇಡಿ. ಆ ಪಾಸ್‌ಬುಕ್ಕಿನ ಮುದ್ರಿತ ಪ್ರತಿಯನ್ನೂ ಕಾನೂನು ಸೇವಾ ಸಮಿತಿಗೆ ಹೋಗುವಾಗ ಜೊತೆಗೆ ಒಯ್ಯಿರಿ.